ಬಲಗಡೆಯ ಪುಟ

ಆಂಬ್ರೋಸ್ ಅವರ ಒಂಬತ್ತು ನೋಟ್‌ಬುಕ್ಕುಗಳನ್ನು ಅವರು ನಾಶಮಾಡಲಿಲ್ಲ. ನಾಶಮಾಡಿದವಳು ನಾನು. ೨೦೧೫ರ ಜುಲೈ ತಿಂಗಳ ಒಂದು ಬುಧವಾರ, ಬೆಳಗ್ಗೆ ಏಳೂಕಾಲಿಗೆ, ಅವನ್ನು ಎರಡು ಕಟ್ಟು ಮಾಡಿ, ಹುರಿ ಬಿಗಿದು, ನಮ್ಮ ಮನೆಯ ಮುಂದಿನ ರಸ್ತೆಯ ಅಂಚಿನಲ್ಲಿ ಹಳೆಯ ಪತ್ರಿಕೆಗಳ ಜೊತೆ ಇಟ್ಟೆ. ಎಂಟೂವರೆಗೆ ರದ್ದಿ ಕಾಗದದ ಲಾರಿ ಬಂತು. ಅದು ತಿರುವು ದಾಟಿ ಹೋಗುವವರೆಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದೆ. ಆಮೇಲೆ ಉಪ್ಪಿಟ್ಟು ತಿಂದೆ.

ಉಪ್ಪಿಟ್ಟಿನ ವಿಷಯ ಇಲ್ಲಿ ಯಾಕೆ? ತಿಂದದ್ದು ನಿಜವಾದ್ದರಿಂದ. ಬುಧವಾರ ಉಪ್ಪಿಟ್ಟಿನ ದಿನ. ಆ ದಿನವೂ ಅದು ತಪ್ಪಲಿಲ್ಲ.

ವಿಷಯ ಮೊದಲು, ವಿವರ ಆಮೇಲೆ — ನಾನು ಕಲಿತ ಕ್ರಮ ಅದು. ಮೈಸೂರಿನ ಒಂದು ಸರಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತೆಯಾಗಿ ಸೇರಿ, ಮೂವತ್ತೊಂದು ವರ್ಷದ ಮೇಲೆ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದೆ. ಕಾರಣಗಳನ್ನು ಮೂರು ಪುಟ ಬರೆದು ತಪ್ಪನ್ನು ಕೊನೆಯ ಸಾಲಿನಲ್ಲಿ ತುರುಕುವವರ ಅರ್ಜಿಗಳನ್ನು ಓದಿ ಓದಿ ಸಾಕಾಗಿದೆ ನನಗೆ. ಆದರೆ ನಾನು ಮಾತ್ರ ನಾಲ್ಕು ವರ್ಷ ಆ ಕೊನೆಯ ಸಾಲನ್ನೂ ಬರೆಯದೆ ಕೂತಿದ್ದೆ. ಈಗ ಬರೆಯುವುದಕ್ಕೂ ಸ್ವಂತ ಬುದ್ಧಿ ಕಾರಣವಲ್ಲ. ಹೋದ ವಾರ ಜಾಯ್ಸ್ ಒಂದು ಮೇಲ್ ಕಳಿಸಿದಳು. ಜಾಯ್ಸ್ ಎಂದರೆ ಆಂಬ್ರೋಸ್ ಅವರ ಒಬ್ಬಳೇ ಮಗಳು. ವೆಲಿಂಗ್ಟನ್‌ನಲ್ಲಿ ಶಾಲೆಯ ಟೀಚರು. ಅಪ್ಪನ ಪುಸ್ತಕದ ಎರಡನೆಯ ಮುದ್ರಣ ಬರುತ್ತಿದೆಯಂತೆ. ಮುನ್ನುಡಿಯಲ್ಲಿ ಆಕೆ ಹೀಗೆ ಬರೆದಿದ್ದಾಳೆ: ‘ಅಪ್ಪನ ಹತ್ತಿರ ನೋಟ್‌ಬುಕ್ಕುಗಳಿದ್ದವು. ಒಂದು ದಿನ ಅವು ನಿನಗೆ ಎಂದು ನನಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದರು. ಸಾಯುವ ಮೊದಲು ಅವನ್ನು ಅವರೇ ನಾಶಮಾಡಿದಂತಿದೆ. ನನಗೆ ಕೊಡಲು ಅವರಿಗೆ ಮನಸ್ಸು ಬರಲಿಲ್ಲವೇನೋ.’ ಇದು ಸರಿಯಿದೆಯಾ ನೋಡಿ, ಮಂಗಳವಾರದೊಳಗೆ ತಿಳಿಸಿ ಎಂದು ನನ್ನನ್ನೇ ಕೇಳಿದ್ದಾಳೆ. ಯಾಕೆಂದರೆ ಆ ಕಾಗದಪತ್ರಗಳನ್ನು ಜೋಡಿಸಿ ಕೊಟ್ಟವಳು ನಾನು. ನನ್ನ ಹೆಸರು ಮೊದಲನೆಯ ಮುದ್ರಣದಲ್ಲಿಯೇ ಇದೆ — ‘ಕಮಲಾಕ್ಷಿಯವರ ಶಿಸ್ತಿನ ಜೋಡಣೆಗೆ ಕೃತಜ್ಞತೆಗಳು.’

ಶಿಸ್ತಿನ ಜೋಡಣೆ!

ಈ ಮನುಷ್ಯ ನನಗೆ ಹೇಗೆ ಗಂಟುಬಿದ್ದರು ಎಂಬುದನ್ನು ಹೇಳಬೇಕು. ಗಂಡ ತೀರಿಕೊಂಡ ಮೇಲೆ ಮಗಳು ವೀಣಾ ನನ್ನನ್ನು ಹ್ಯಾಮಿಲ್ಟನ್‌ಗೆ ಕರೆಸಿಕೊಂಡಳು. ಊರಂಚಿನ ರೊಟೊಟೂನ ಬಡಾವಣೆಯಲ್ಲಿ ಅವರ ಮನೆ. ಎಲ್ಲ ಮನೆಯೂ ಹೊಸದು, ಎಲ್ಲ ಬೇಲಿಯೂ ಒಂದೇ ಎತ್ತರ, ಕಾರಿಲ್ಲದಿದ್ದರೆ ಎಲ್ಲಿಗೂ ಹೋಗುವಂತಿಲ್ಲ. ನಾನು ಐದಕ್ಕೆ ಏಳುತ್ತೇನೆ. ಆರೂವರೆಗೆ ವಾಕಿಂಗ್. ಆ ಹೊತ್ತಿನಲ್ಲಿ ನಡೆಯುತ್ತಿದ್ದವರು ನಾವಿಬ್ಬರೇ — ನಾನು ಸೀರೆಯ ಮೇಲೆ ಅಳಿಯನ ಜಾಕೆಟ್ ಹಾಕಿಕೊಂಡು, ಎದುರಿನಿಂದ ಒಬ್ಬ ಎತ್ತರದ ಕಪ್ಪು ಮುದುಕರು ಕೆಂಪು ಉಣ್ಣೆಯ ಟೋಪಿಯಲ್ಲಿ. ಒಂದು ತಿಂಗಳು ತಲೆಯಾಡಿಸಿದೆವು. ಎರಡನೆಯ ತಿಂಗಳು ಹವಾಮಾನದ ಮಾತು. ಮೂರನೆಯ ತಿಂಗಳು ಅವರು ಕೇಳಿದರು, ಊರಿನಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು. ರೆಕಾರ್ಡ್ ರೂಮು ಎಂದೆ. ಅವರು ಅಲ್ಲೇ ನಿಂತುಬಿಟ್ಟರು.

“ದೇವರೇ ಕಳಿಸಿದ ನಿಮ್ಮನ್ನು. ನನಗೆ ದೇವರಲ್ಲಿ ನಂಬಿಕೆಯಿಲ್ಲ — ಈ ವಾರ.”

ಈ ವಾರ! ಎಲ್ಲದಕ್ಕೂ ಹೀಗೆಯೇ. ಅವರ ಇಡೀ ಬದುಕೇ ‘ಈ ವಾರ’.

ಅವರು ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಒಂದು ಸಣ್ಣ ದ್ವೀಪದಲ್ಲಿ. ಆಫ್ರಿಕದಿಂದ ಕಬ್ಬಿನ ತೋಟಕ್ಕೆ ಹಿಡಿದು ತಂದವರ ವಂಶ. ಇಂಗ್ಲೆಂಡಿನಲ್ಲಿ ಓದಿ, ಅಲ್ಲಿ ಸಭೆ, ಚಳವಳಿ, ಕರಪತ್ರ ಎಂದು ಅಲೆದು, ಕೊನೆಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಚಿಂತನೆಯ ಪಾಠ ಹೇಳಲು ಬಂದವರು. ಹೆಂಡತಿ ತೀರಿಕೊಂಡಿದ್ದರು. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಂದು ಪುಟ್ಟ ಮನೆ. ಕಣ್ಣಿನ ನಡುವಿನ ದೃಷ್ಟಿ ಮಸುಕಾಗುತ್ತಿತ್ತು. ತಾವು ಹಿಂದೆ ಬರೆದದ್ದನ್ನು ತಾವೇ ಓದಲಾರರು. ನಾನು ಓದಿ ಹೇಳಬೇಕು, ಜೋಡಿಸಬೇಕು. ಮಂಗಳವಾರ, ಶುಕ್ರವಾರ, ಹತ್ತರಿಂದ ಹನ್ನೆರಡೂವರೆ. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ನನ್ನದು ಕಚೇರಿ ಇಂಗ್ಲಿಷ್. ನಾನು ಅವರನ್ನು ಪ್ರೊಫೆಸರ್ ಎನ್ನುತ್ತಿದ್ದೆ. ಅವರು ನನ್ನನ್ನು ಸೂಪರಿಂಟೆಂಡೆಂಟ್ ಎನ್ನುತ್ತಿದ್ದರು — ತಮಾಷೆಗೆ ಎಂದು ಮೊದಲು ಅಂದುಕೊಂಡೆ, ಆಮೇಲೆ ಗೌರವಕ್ಕೆ ಎಂದು ಅಂದುಕೊಂಡೆ, ಈಗ ಗೊತ್ತಿಲ್ಲ.

ಆ ಮನೆಯ ಸ್ಥಿತಿ! ಅನ್ನದ ಪಾತ್ರೆಯ ಪಕ್ಕದಲ್ಲಿ ಕರಪತ್ರ. ಬಟ್ಟೆ ಒಗೆಯುವ ಮಿಷನ್ ಮೇಲೆ ಪತ್ರಗಳು. ಮೊದಲ ದಿನ ನಾನು ನಮ್ಮ ಪದ್ಧತಿಯನ್ನು ವಿವರಿಸಿದೆ. ಕಡತಗಳಿಗೆ ವರ್ಗಗಳಿರುತ್ತವೆ. ಎ ಎಂದರೆ ಶಾಶ್ವತ. ಬಿ, ಸಿ — ಇಷ್ಟಿಷ್ಟು ವರ್ಷ. ಡಿ ಎಂದರೆ ಒಂದು ವರ್ಷ ಇಟ್ಟು ನಾಶ. ಶುದ್ಧಪ್ರತಿಗೆ ಸಹಿಯಾದ ಮೇಲೆ ಕರಡನ್ನು ಇಡಬಾರದು. ಇಟ್ಟರೆ ಮುಂದೆ ಯಾರೋ ಒಬ್ಬ ಕರಡನ್ನೇ ಆದೇಶವೆಂದು ತಿಳಿದು ಅನಾಹುತ ಮಾಡುತ್ತಾನೆ.

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಹಾಗಾದರೆ ನಾನು ಇಡೀ ಕರಡೇ, ಸೂಪರಿಂಟೆಂಡೆಂಟ್. ನನ್ನನ್ನೇ ಮೊದಲು ಹೊರಗೆ ಹಾಕಬೇಕು.”

ನೋಟ್‌ಬುಕ್ಕುಗಳು ಒಂಬತ್ತು. ಗಟ್ಟಿ ರಟ್ಟು, ಪುಟಗಳಿಗೆ ಅವರೇ ಸಂಖ್ಯೆ ಹಾಕಿದ್ದರು — ಅವರ ಬದುಕಿನಲ್ಲಿ ಇದ್ದ ಒಂದೇ ಶಿಸ್ತು. ಎಡಗಡೆಯ ಪುಟದಲ್ಲಿ ತಾವು ಆ ಹೊತ್ತಿಗೆ ನಂಬಿದ್ದನ್ನು ಬರೆಯುವುದು. ಬಲಗಡೆಯ ಪುಟ ಖಾಲಿ. ವರ್ಷಗಳಾದ ಮೇಲೆ ಎಂದಾದರೂ ಆ ನಂಬಿಕೆ ತಪ್ಪೆಂದು ತೋರಿದರೆ, ಹಳೆಯದನ್ನು ಹೊಡೆದುಹಾಕದೆ, ಎದುರಿಗೆ ಬಲಗಡೆಯಲ್ಲಿ ತಾರೀಖು ಹಾಕಿ ಯಾಕೆ ತಪ್ಪಾಯಿತು ಎಂದು ಬರೆಯುವುದು. ಪ್ರತಿಯೊಂದೂ ಒಂದೇ ರೀತಿ ಶುರು: ‘ಎದುರಿನ ಪುಟದಲ್ಲಿ ನಾನು ಬರೆದದ್ದು ತಪ್ಪು.’

ಇದನ್ನು ಓದುವ ಕರ್ಮ ನನ್ನದು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬರೆದಿದ್ದಾರೆ — ಕಪ್ಪು ಜನರ ಬಿಡುಗಡೆ ಕಪ್ಪು ಜನರಿಂದಲೇ, ಬಿಳಿಯನೊಬ್ಬನೂ ನಮ್ಮ ಸಭೆಯ ಹೊಸಿಲು ತುಳಿಯಬಾರದು. ಸರಿ. ಎದುರಿನ ಪುಟ, ಆರು ವರ್ಷದ ಮೇಲೆ: ಬಂದರಿನ ಮುಷ್ಕರದಲ್ಲಿ ಬಿಳಿ ಕೂಲಿಯವನ ಹೆಂಡತಿ ಹನ್ನೊಂದು ದಿನ ನಮಗೆ ಗಂಜಿ ಕೊಟ್ಟಳು, ಬಣ್ಣವಲ್ಲ ವಿಷಯ, ದುಡಿಯುವವನು ಯಾರು, ದುಡಿಸುವವನು ಯಾರು ಎಂಬುದು ವಿಷಯ. ಅದೂ ಸರಿ ಎನ್ನೋಣ. ಅದನ್ನೇ ಮುಂದೊಂದು ಎಡಪುಟದಲ್ಲಿ ಬರೆದು, ಎದುರಿಗೆ ಮತ್ತೆ: ದುಡಿಯುವವರ ಸರಕಾರ ಬಂದರೆ ಸಾಕು ಎಂದುಕೊಂಡೆ, ನಮ್ಮ ದ್ವೀಪಕ್ಕೆ ಸ್ವಾತಂತ್ರ್ಯ ಬಂತು, ನನ್ನ ಗೆಳೆಯನೇ ಮಂತ್ರಿಯಾದ, ಅವನ ಪೊಲೀಸರು ಕಬ್ಬು ಕಡಿಯುವವರ ಬೆನ್ನು ಮುರಿದರು. ಮುಂದಿನ ನೋಟ್‌ಬುಕ್ಕಿನಲ್ಲಿ ತಂಗಿಯ ಪತ್ರದ ಮಾತು ಬರುತ್ತದೆ — ‘ಅಣ್ಣಾ, ಬಿಡುಗಡೆಯ ಮೇಲೆ ಮುನ್ನೂರು ಪುಟ ಬರೆದೆ. ಅಷ್ಟೂ ದಿನ ನಿನ್ನ ಅಂಗಿ ಒಗೆದವರು ಯಾರು?’ ಎದುರಿಗೆ: ಅಂಗಿ ಒಗೆದವಳು ನನ್ನ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ, ಹಾಗಾದರೆ ಅದು ಯಾರ ಬಿಡುಗಡೆಯ ಪುಸ್ತಕ?

ಇಲ್ಲಿಗೆ ಬಂದ ಮೇಲಾದರೂ ಒಂದು ಕಡೆ ನಿಂತರೇ? ಇಲ್ಲ. ನಾನು ಎಲ್ಲಿ ಹೋದರೂ ತುಳಿತಕ್ಕೆ ಒಳಗಾದವನೇ ಎಂದು ಎಡಗಡೆಯಲ್ಲಿ. ಬಲಗಡೆಯಲ್ಲಿ: ಇವತ್ತು ನದಿಯ ದಂಡೆಯಲ್ಲಿ ಈ ನೆಲದ ಮೂಲನಿವಾಸಿಗಳಾದ ಮಾವೊರಿ ಜನರ ಒಬ್ಬ ಹಿರಿಯಾಕೆ, ನಿನ್ನ ಮನೆ ಯಾರ ನೆಲದ ಮೇಲಿದೆ ಎಂದು ಕೇಳಿದರು, ಇಲ್ಲಿ ನಾನೂ ಬಂದು ಕೂತವನೇ.

ನನಗೆ ರೇಗಿಹೋಗುತ್ತಿತ್ತು. “ಪ್ರೊಫೆಸರ್, ಇಷ್ಟು ಸಲ ತಿದ್ದುವ ಬದಲು ಸರಿಯಾಗಿ ಯೋಚಿಸಿ ಒಂದೇ ಸಲ ಬರೆಯಬಾರದಿತ್ತೇ?” ಎಂದು ಕೇಳಿಯೇಬಿಟ್ಟೆ.

“ಪ್ರಯತ್ನಪಟ್ಟೆ. ಬದುಕು ಮುಂಚಿತವಾಗಿ ನೋಟೀಸು ಕಳಿಸುವುದಿಲ್ಲ, ಸೂಪರಿಂಟೆಂಡೆಂಟ್.”

ಹನ್ನೆರಡೂವರೆಗೆ ನಾನು ಎದ್ದುಬಿಡುತ್ತಿದ್ದೆ. ಮನೆಗೆ ಬಂದು ವೀಣಾಳ ಮುಂದೆ ಬೈಯುತ್ತಿದ್ದೆ. ಅವಳು, “ಅಮ್ಮ, ಅಷ್ಟು ಹಿಂಸೆ ಆದ್ರೆ ಯಾಕೆ ಹೋಗ್ತೀಯಾ? ಬಿಟ್ಬಿಡು” ಎನ್ನುವಳು. ಬಿಡಲಿಲ್ಲ. ಮಂಗಳವಾರ ಒಂಬತ್ತೂವರೆಗೇ ಚಪ್ಪಲಿ ಹಾಕಿ ನಿಲ್ಲುತ್ತಿದ್ದೆ. ಈ ಊರಿನಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದವರು ಅವರೊಬ್ಬರೇ. ಉಳಿದವರಿಗೆಲ್ಲ ನಾನು ಆಂಟಿ.

ಒಂಬತ್ತೂ ನೋಟ್‌ಬುಕ್ಕುಗಳಲ್ಲಿ ಬಲಗಡೆ ಖಾಲಿ ಉಳಿದ ಹಳೆಯ ಪುಟ ಒಂದೇ. ಎರಡನೆಯ ನೋಟ್‌ಬುಕ್ಕು, ನಲವತ್ತೆರಡನೆಯ ಪುಟ. ಎಡಗಡೆಯಲ್ಲಿ ಹೀಗಿತ್ತು: ‘ನಮ್ಮ ತೋಟದಲ್ಲಿ ಪಕ್ಕದ ಸಾಲಿನಲ್ಲಿ ಇಂಡಿಯಾದಿಂದ ತಂದವರು ಕಬ್ಬು ಕಡಿಯುತ್ತಿದ್ದರು. ಅವರ ರೊಟ್ಟಿ ತಿಂದು ಬೆಳೆದವನು ನಾನು. ಕಪ್ಪು ಜನ, ಕಂದು ಜನ — ಒಂದೇ ಬಿಸಿಲು, ಒಂದೇ ಮೇಸ್ತ್ರಿ, ಒಂದೇ ಚಾಟಿ. ಆದ್ದರಿಂದ ನಾವು ಒಂದೇ ಕಡೆ ನಿಲ್ಲುತ್ತೇವೆ. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.’ ಐವತ್ತಕ್ಕೂ ಹೆಚ್ಚು ವರ್ಷ ಎದುರಿನ ಪುಟ ಖಾಲಿ. ಅದನ್ನು ಓದಿ ಹೇಳಿದ ದಿನ ಅವರು ಮೇಜು ತಟ್ಟಿದರು. “ನೋಡಿದಿರಾ? ಇದೊಂದು ನಿಂತಿದೆ. ನೀವು ಇಲ್ಲಿ ನನ್ನ ಎದುರಿಗೆ ಕೂತಿದ್ದೀರಲ್ಲ, ಇದೇ ಸಾಕ್ಷಿ.”

ನನಗೂ ಹೆಮ್ಮೆಯಾಯಿತು. ಅದನ್ನೂ ಬರೆದುಬಿಡುತ್ತೇನೆ.

೨೦೧೫ರ ಜೂನ್. ವೀಣಾ ಮತ್ತು ಅಳಿಯ ಪ್ರಶಾಂತ ಮೊದಲು ಆಕ್ಲೆಂಡ್‌ನಲ್ಲಿದ್ದಾಗ ತಕಾನಿನಿಯಲ್ಲಿ ಒಂದು ಮನೆ ಕೊಂಡಿದ್ದರು. ಇಲ್ಲಿಗೆ ಬಂದ ಮೇಲೆ ಅದನ್ನು ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಯವರು ಬಿಟ್ಟರು. ಹೊಸದಾಗಿ ಹತ್ತೊಂಬತ್ತು ಅರ್ಜಿ ಬಂದವು. “ಅತ್ತೆ, ನಂಗೆ ಟೈಮಿಲ್ಲ, ನೀವೊಂದ್ಸಲ ನೋಡಿ ಜೋಡಿಸ್ಕೊಡಿ, ಮೇಲಿನ ಮೂರು ಜನಕ್ಕೆ ಫೋನ್ ಮಾಡ್ತೀನಿ” ಎಂದು ಪ್ರಶಾಂತ ಎಲ್ಲವನ್ನೂ ಪ್ರಿಂಟ್ ತೆಗೆದುಕೊಟ್ಟ. ಇಂಥವರಿಗೆ ಕೊಡಬೇಡಿ ಎಂದು ಅವನು ಹೇಳಲಿಲ್ಲ. ವೀಣಾಳೂ ಹೇಳಲಿಲ್ಲ. ಯಾರೂ ಹೇಳಲಿಲ್ಲ.

ಆ ಫಾರಂಗಳನ್ನು ಮಂಗಳವಾರ ಪ್ರೊಫೆಸರ್ ಮನೆಗೇ ಒಯ್ದೆ. ಅವರು ಚಹಾ ಮಾಡುವ ಹೊತ್ತಿಗೆ ಮುಗಿಸಿಬಿಡೋಣ ಎಂದು. ಊಟದ ಮೇಜಿನ ಮೇಲೆ ನಾಲ್ಕು ರಾಶಿ ಮಾಡಿದೆ. ಎ, ಬಿ, ಸಿ, ಡಿ. ಬೆಂಗಳೂರಿನ ಎಂಜಿನಿಯರ್ ಒಬ್ಬ — ಎ. ಇಬ್ಬರು ಕೀವಿ ಹುಡುಗಿಯರು, ಈ ದೇಶದವರೇ, ಒಟ್ಟಿಗೆ ಫ್ಲ್ಯಾಟ್ ಮಾಡಿಕೊಂಡಿರುವವರು — ಬಿ. ಹೀಗೆ. ಕೈ ತಾನಾಗಿ ನಡೆಯುತ್ತಿತ್ತು. ಹದಿನೈದು ನಿಮಿಷದ ಕೆಲಸ.

ಅವರು ಚಹಾ ತಂದಿಟ್ಟು ಡಿ ರಾಶಿಯ ಮೇಲಿನ ಫಾರಂ ಎತ್ತಿ ಕಣ್ಣಿನ ಓರೆಗೆ ಹಿಡಿದರು. ಓದಲಾಗಲಿಲ್ಲ. ಆದರೆ ಫೋಟೊ ಇತ್ತು. ಅಷ್ಟು ಅವರಿಗೆ ಕಾಣುತ್ತಿತ್ತು.

“ಇವರು ಯಾರು?”

“ಯಾರೋ ನರ್ಸಂತೆ. ಘಾನಾದವರು. ಇಬ್ಬರು ಮಕ್ಕಳು.”

“ಕೆಲಸ ಇಲ್ಲವೇ?”

“ಇದೆ.”

“ಹಿಂದಿನ ಮನೆಯವರ ಪತ್ರ?”

“ಇದೆ. ಎಲ್ಲ ಇದೆ.” ಸುಳ್ಳು ಹೇಳುವ ಅಭ್ಯಾಸ ನನಗೆ ಆಗ ಇರಲಿಲ್ಲ. ಹತ್ತೊಂಬತ್ತರಲ್ಲಿ ಅತ್ಯಂತ ಕ್ರಮವಾಗಿ ತುಂಬಿದ ಫಾರಂ ಅದೇ. ಲಗತ್ತುಗಳಿಗೆ ಕೂಡ ಸಂಖ್ಯೆ ಹಾಕಿದ್ದಳು, ಪುಣ್ಯಾತ್ಗಿತ್ತಿ.

“ಹಾಗಾದರೆ ಇದು ಯಾವ ವರ್ಗ, ಸೂಪರಿಂಟೆಂಡೆಂಟ್?”

“ಡಿ.”

ಅವರು ಚಹಾ ಕಲಕಿದರು. ಕಲಕುತ್ತಲೇ ಇದ್ದರು. ನಾನೇ ಹೇಳಿದೆ —

“ನೀವು ಬೇರೆ, ಪ್ರೊಫೆಸರ್.”

“ನಾನು ಯಾವ ವರ್ಗ?”

“ನೀವು ಎ.”

“ಶಾಶ್ವತ” ಎಂದರು. ನಕ್ಕರು ಕೂಡ. ಆಮೇಲೆ ಎಂದಿನಂತೆ ಪತ್ರಗಳನ್ನು ಓದಿಸಿಕೊಂಡರು. ಹನ್ನೆರಡೂವರೆಗೆ ನಾನು ಎದ್ದಾಗ ಬಾಗಿಲವರೆಗೆ ಬಂದರು — ಅದೂ ಎಂದಿನಂತೆಯೇ. ಏನೂ ಆಗಿಲ್ಲ ಎಂದುಕೊಂಡೆ. ಮನೆ ಬೆಂಗಳೂರಿನವನಿಗೆ ಹೋಯಿತು. ಉಳಿದವರಿಗೆಲ್ಲ ವಿಷಾದದ ಮೇಲ್ ಬರೆದವಳು ನಾನೇ. ಆ ನರ್ಸಮ್ಮನ ಹೆಸರು ಈಗ ನೆನಪಿಲ್ಲ. ಫಾರಂ ಒಂದು ವರ್ಷ ಇಟ್ಟು ನಾಶಮಾಡಿದೆ, ಪದ್ಧತಿಯ ಪ್ರಕಾರ.

ಜುಲೈನಲ್ಲಿ ಅವರಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದರು. ಜಾಯ್ಸ್ ಫೋನು ಮಾಡಿದಳು: ಗುರುವಾರ ಬರುತ್ತೇನೆ, ಅಪ್ಪನ ಕಾಗದಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಡುತ್ತೀರಾ, ವಿಶ್ವವಿದ್ಯಾಲಯದವರೂ ಕೇಳುತ್ತಿದ್ದಾರೆ, ಮುಖ್ಯವಾಗಿ ನೋಟ್‌ಬುಕ್ಕುಗಳು. ಕೀಲಿಕೈ ನನ್ನ ಹತ್ತಿರವಿತ್ತು. ಮಂಗಳವಾರ ಹತ್ತು ಗಂಟೆಗೆ ಒಬ್ಬಳೇ ಹೋದೆ. ಒಂದರಿಂದ ಒಂಬತ್ತು ಜೋಡಿಸಿದೆ. ಎರಡನೆಯದರಿಂದ ಒಂದು ಚೀಟಿ ಇಣುಕುತ್ತಿತ್ತು. ತೆರೆದೆ.

ನಲವತ್ತೆರಡನೆಯ ಪುಟದ ಎದುರು ಖಾಲಿ ಇರಲಿಲ್ಲ.

ಕಣ್ಣು ಮಸುಕಾದ ಮೇಲೆ ಅವರು ದಪ್ಪ ಕಪ್ಪು ಪೆನ್ನಿನಲ್ಲಿ, ಒಂದೊಂದು ಅಕ್ಷರವನ್ನೂ ಹೆಬ್ಬೆರಳಿನಷ್ಟು ದೊಡ್ಡದಾಗಿ ಬರೆಯುತ್ತಿದ್ದರು. ಓದಲಿಲ್ಲ ಎಂದು ಹೇಳಿಕೊಳ್ಳಲು ಆಗದಷ್ಟು ದೊಡ್ಡದು. ಜಾಗ ಸಾಲದೆ ಆ ಪುಟಕ್ಕೆ ಇನ್ನೊಂದು ಹಾಳೆಯನ್ನು ಅಂಟಿಸಿ ಮಡಿಚಿಟ್ಟಿದ್ದರು. ನನಗೆ ಇವತ್ತಿಗೂ ಬಾಯಿಪಾಠ:

‘ಮಂಗಳವಾರ. ಎದುರಿನ ಪುಟದಲ್ಲಿ ನಾನು ಬರೆದದ್ದು ತಪ್ಪು. ಇವತ್ತು ನನ್ನ ಗೆಳತಿ ನನ್ನ ಮೇಜಿನ ಮೇಲೆ ಮನುಷ್ಯರನ್ನು ನಾಲ್ಕು ರಾಶಿ ಮಾಡಿದರು. ಸಿಟ್ಟಿನಿಂದಲ್ಲ. ದ್ವೇಷದಿಂದಲ್ಲ. ಚಹಾ ಆರುವ ಮೊದಲು. ಒಟ್ಟಿಗೆ ಪೆಟ್ಟು ತಿಂದವರು ಒಟ್ಟಿಗೆ ನಿಲ್ಲುತ್ತಾರೆ ಎಂದು ಇಷ್ಟು ವರ್ಷ ನಂಬಿದ್ದೆ. ಅದು ಚರ್ಮದ ಜೊತೆ ಬರುವ ಆಸ್ತಿಯಲ್ಲ. ದಿನಾ ಎದ್ದು ಮಾಡಬೇಕಾದ ಕೆಲಸ, ಕಸ ಗುಡಿಸಿದ ಹಾಗೆ. ನಾನೂ ಮಾಡಲಿಲ್ಲ — ನಗುತ್ತಾ ಕೂತೆ, ಆಕೆಯ ಗೆಳೆತನ ಕಳೆದುಕೊಳ್ಳುವ ಭಯಕ್ಕೆ. ಆಕೆ ಕೆಟ್ಟವರಲ್ಲ. ಅಚ್ಚುಕಟ್ಟಿನವರು. ಅಚ್ಚುಕಟ್ಟಿನ ಬಗ್ಗೆ ನಾನು ಇದುವರೆಗೆ ಯೋಚಿಸಿಯೇ ಇಲ್ಲ. ಅವರನ್ನೇ ಕೇಳಬೇಕು. ಕೆಳಗೆ ಜಾಗ ಬಿಟ್ಟಿದ್ದೇನೆ.’

ಕೆಳಗೆ ಅರ್ಧ ಹಾಳೆ ಖಾಲಿ.

ಇಲ್ಲಿ ನಾನು ಬಹಳ ನಿಧಾನವಾಗಿ ಬರೆಯಬೇಕು, ಯಾಕೆಂದರೆ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಕಥೆ ಬೇರೆ ಇದೆ. ಅದು ಹೀಗೆ: ಪ್ರೊಫೆಸರ್ ಹತ್ತಿರ ಒಂದು ಟೈಪು ಮಾಡಿದ ಪ್ರತಿ ಇತ್ತು, ನೂರ ನಲವತ್ತು ಪುಟ, ಹಿಂದೆ ಯಾವುದೋ ಉಪನ್ಯಾಸಗಳಿಗಾಗಿ ಮಾಡಿಸಿದ್ದು. ಅದು ಶುದ್ಧಪ್ರತಿ. ನೋಟ್‌ಬುಕ್ಕುಗಳು ಕರಡು. ಶುದ್ಧಪ್ರತಿ ಇರುವಾಗ ಕರಡನ್ನು ಇಡಬಾರದು. ಹಳೆಯ ಕೈ, ಹಳೆಯ ಅಭ್ಯಾಸ, ಪಾಪ, ಗೊತ್ತಾಗದೆ ಆಗಿಹೋಯಿತು —

ಸುಳ್ಳು. ಆ ಟೈಪು ಪ್ರತಿ ಹಳಸಿದೆ ಎಂದು ಅವರೇ ನನಗೆ ಹತ್ತು ಸಲ ಹೇಳಿದ್ದರು. ಎಲ್ಲ ಗೊತ್ತಿತ್ತು.

ಮೊದಲು ಆ ಒಂದು ಹಾಳೆಯನ್ನು ಮಾತ್ರ ಹರಿಯೋಣ ಎಂದುಕೊಂಡೆ. ಬೆರಳನ್ನು ಹೊಲಿಗೆಯ ಹತ್ತಿರ ಇಟ್ಟೂ ಆಗಿತ್ತು. ಆದರೆ ಪುಟಗಳಿಗೆ ಸಂಖ್ಯೆ ಇತ್ತಲ್ಲ. ನಲವತ್ತಮೂರು ಕಾಣದಿದ್ದರೆ ಯಾರಾದರೂ ಕೇಳುತ್ತಾರೆ. ಒಂದು ಹಾಳೆ ಹರಿದರೆ ಅದು ಕಳ್ಳತನ. ಇಡೀ ವರ್ಗವನ್ನೇ ತೆಗೆದರೆ ಅದು ವ್ಯವಸ್ಥೆ. ಇದನ್ನು ನನಗಿಂತ ಚೆನ್ನಾಗಿ ತಿಳಿದವರು ಯಾರು? ಆ ಒಂದು ಪುಟಕ್ಕಾಗಿ ಒಂಬತ್ತು ನೋಟ್‌ಬುಕ್ಕು. ಬಂದರಿನ ಗಂಜಿ, ತಂಗಿಯ ಪತ್ರ, ನದಿಯ ದಂಡೆಯ ಆ ಹಿರಿಯಾಕೆ — ಒಬ್ಬ ಮನುಷ್ಯ ಐವತ್ತು ವರ್ಷ ತನ್ನನ್ನು ತಾನೇ ಎದುರು ಹಾಕಿಕೊಂಡ ಲೆಕ್ಕವಿಲ್ಲದ ಬೆಳಗುಗಳು — ನನಗೆ ಕೆಟ್ಟ ಹೆಸರು ಬರಬಾರದು ಎಂದು. ಅದರಲ್ಲಿ ನನ್ನ ಹೆಸರೇ ಇರಲಿಲ್ಲ. ‘ನನ್ನ ಗೆಳತಿ’ ಎಂದಷ್ಟೇ ಇತ್ತು. ಬಹುಶಃ ಅದಕ್ಕೇ —

ಅದನ್ನು ಮುಗಿಸಲಾರೆ.

ಬುಧವಾರ ಬೆಳಗ್ಗೆ ಲಾರಿ ಹೋಯಿತು. ಮಧ್ಯಾಹ್ನ ಪ್ರಶಾಂತ ನನ್ನನ್ನು ಆಸ್ಪತ್ರೆಗೆ ಬಿಟ್ಟ. ಮೂಗಿಗೆ ಆಮ್ಲಜನಕದ ಕೊಳವೆ. ಕೆಂಪು ಟೋಪಿ ತಲೆದಿಂಬಿನ ಪಕ್ಕದಲ್ಲಿ. ನನ್ನ ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದರು.

“ಓದಿದಿರಾ?”

“ಯಾವುದನ್ನು?” ಎಂದೆ.

ನನ್ನ ಬದುಕಿನಲ್ಲಿ ಆಡಿದ ಮಾತುಗಳನ್ನೆಲ್ಲ ನಾಲ್ಕು ರಾಶಿ ಮಾಡಿದರೆ, ಈ ಒಂದು ಮಾತಿಗೆ ಐದನೆಯ ರಾಶಿ ಬೇಕು.

ಅವರು ಕೊಳವೆಯನ್ನು ಸರಿಪಡಿಸಿಕೊಂಡರು. ಆಮೇಲೆ, “ಅವಸರವಿಲ್ಲ. ನಿಧಾನವಾಗಿ ಓದಿ. ಕೆಳಗೆ ಜಾಗ ಬಿಟ್ಟಿದ್ದೇನೆ” ಎಂದರು. ನನ್ನ ಕೈಯನ್ನು ಹುಡುಕಿ ತಟ್ಟಿದರು. ಶನಿವಾರ ಹೋದರು.

ಅಂತ್ಯಕ್ರಿಯೆ ಮುಗಿದ ಮೇಲೆ ಜಾಯ್ಸ್ ಪೆಟ್ಟಿಗೆಗಳ ಮುಂದೆ ನೆಲದ ಮೇಲೆ ಕೂತು ಒಂದೊಂದನ್ನೇ ತೆಗೆದು ನೋಡಿದಳು. ನನ್ನ ಚೀಟಿಗಳು, ನನ್ನ ಸಂಖ್ಯೆಗಳು, ಎಲ್ಲ ನೇರ. “ಇಷ್ಟೇನಾ?” ಎಂದು ಕೇಳಿದಳು. “ಇಷ್ಟೇ ಇದ್ದದ್ದು” ಎಂದೆ. ಅವಳ ಮುಖ — ದುಃಖವಾಗಿದ್ದರೆ ಸಹಿಸಬಹುದಿತ್ತು. ಅದು ಸಿಟ್ಟು, ಸತ್ತ ಅಪ್ಪನ ಮೇಲೆ. “ಹಾಗೇ ಮಾಡೋರು ಅವರು. ನನಗೆ ಅಂತ ಹೇಳಿದ್ದರು. ಕೊನೆಗೆ ನನ್ನನ್ನೂ ನಂಬಲಿಲ್ಲ.” ನಾನು ಅವಳಿಗೆ ಚಹಾ ಮಾಡಿಕೊಟ್ಟೆ. ಸಕ್ಕರೆ ಎಷ್ಟು ಎಂದು ಕೇಳಿದೆ.

ಟೈಪು ಪ್ರತಿಯೇ ಪುಸ್ತಕವಾಯಿತು. ಬಿಡುಗಡೆಯ ದಿನ ಒಬ್ಬೊಬ್ಬರೂ ಎದ್ದು, ಐವತ್ತು ವರ್ಷ ಒಂದೇ ನಿಲುವಿಗೆ ಬದ್ಧನಾಗಿದ್ದ ಧೀರ, ಎಂದೂ ಹಿಂದೆ ನೋಡದವನು ಎಂದು ಹೊಗಳಿದರು. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಅಯ್ಯಾ, ಆ ಮನುಷ್ಯ ಹಿಂದೆ ನೋಡುವುದನ್ನು ಬಿಟ್ಟು ಬೇರೇನನ್ನೂ ಮಾಡಲಿಲ್ಲ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಅವರನ್ನು ಕಲ್ಲಿನ ಬೊಂಬೆ ಮಾಡಿದವಳೇ ನಾನು; ಹಾರ ಹಾಕುವವರ ಮೇಲೆ ಯಾಕೆ ರೇಗಲಿ? ಆ ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ, ಓದಲು ಬಂದು ಇಲ್ಲೇ ನೆಲೆಸಿದ ಒಬ್ಬಳು ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಓಡಿಬಂದಳು. “ಆಂಟಿ, ಪುಸ್ತಕದಲ್ಲಿ ನಿಮ್ ಹೆಸ್ರು ಬಂದಿದ್ಯಂತೆ! ಸಕ್ಕತ್ ಆಂಟಿ! ನೀವು ಅವ್ರ ಜೊತೆ ಎಷ್ಟ್ ಕ್ಲೋಸ್ ಅಂತ ನಮ್ಗೆ ಗೊತ್ತೇ ಇರ್ಲಿಲ್ಲ.” ಅವಳ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿದೆ.

ಮೊನ್ನೆ ವೀಣಾಳಿಗೆ ಮೊದಲ ಬಾರಿ ಹೇಳಿದೆ. ಅವಳು, “ಅಮ್ಮ, ಈಗ್ಯಾಕೆ? ಅವ್ರೂ ಇಲ್ಲ, ಬುಕ್ಸೂ ಇಲ್ಲ. ಹೇಳಿ ಏನ್ ಮಾಡ್ತೀಯಾ? ಅಭ್ಯಾಸಬಲದಿಂದ ಆಯ್ತು ಅಂತ ಹೇಳ್ಬಿಡು, ನಂಬ್ತಾಳೆ” ಎಂದಳು. ನಂಬುತ್ತಾಳೆ. ಅದೇ ತೊಂದರೆ. ಎಪ್ಪತ್ತಮೂರು ವರ್ಷದ ಮುದುಕಿ, ಕಚೇರಿಯ ಪದ್ಧತಿ, ಪಾಪ. ನನ್ನ ಮಗಳಿಗೂ ರಾಶಿ ಮಾಡುವುದು ಎಷ್ಟು ಸಲೀಸಾಗಿ ಬಂದಿದೆ ಎಂದು ನೋಡಿದೆ. ಅದು ನನಗೆ ಕಚೇರಿ ಕಲಿಸಿದ್ದೋ, ಅದಕ್ಕೂ ಮೊದಲು, ಊಟದ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಮನೆಯೇ ಕಲಿಸಿತ್ತೋ — ಅವರು ಕೇಳಬೇಕೆಂದಿದ್ದುದು ಇದನ್ನೇ ಇರಬೇಕು. ಬದುಕಿದ್ದಾಗ ಕೇಳಿದ್ದರೆ ರೇಗಿ, ಹನ್ನೆರಡೂವರೆಯಾಯಿತು ಎಂದು ಎದ್ದುಬರುತ್ತಿದ್ದೆ.

ಇಷ್ಟನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಸುಲಭವಾಯಿತು. ಯಾಕೆ ಸುಲಭವಾಯಿತು ಎಂಬುದೂ ಗೊತ್ತು: ಜಾಯ್ಸ್‌ಗೆ ಕನ್ನಡ ಬರುವುದಿಲ್ಲ. ಇಲ್ಲಿಯೂ ಜಾಣತನ! ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಇವತ್ತು ಮಂಗಳವಾರ. ಗಂಟೆ ಹತ್ತು. ಮೇಜು ಒರೆಸಿ, ಜಾಯ್ಸ್‌ಗೆ ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೇನೆ. ಮೊದಲ ಸಾಲು ಇಲ್ಲಿಯ ಮೊದಲ ಸಾಲೇ. ಅದರ ಜೊತೆಗೆ, ನೋಟ್‌ಬುಕ್ಕುಗಳಲ್ಲಿ ಏನಿತ್ತೋ ನನಗೆ ನೆನಪಿರುವಷ್ಟನ್ನು ಎಡಗಡೆ, ಬಲಗಡೆ ಎಂದು ಅವರು ಬರೆದಿದ್ದಂತೆಯೇ ಬರೆದುಕೊಡುತ್ತೇನೆ. ವಾರಗಳು ಹಿಡಿಯಬಹುದು, ಬಹಳಷ್ಟು ಬಿಟ್ಟುಹೋಗುತ್ತದೆ. ನಲವತ್ತೆರಡು ಮತ್ತು ನಲವತ್ತಮೂರನ್ನು ಮೊದಲೇ ಬರೆದಿಟ್ಟಿದ್ದೇನೆ. ಕೆಳಗೆ ಅವರು ಬಿಟ್ಟಿದ್ದ ಜಾಗದಲ್ಲಿ ನನ್ನ ಉತ್ತರ: ‘ಹೌದು. ರಾಶಿ ಮಾಡಿದೆ. ನಿಮ್ಮನ್ನೂ ಡಿ ರಾ‍ಶಿಗೆ ಹಾಕಿದೆ.’

ಯಾವ ನಕಲಿನ ಕೆಳಗೂ ‘ಮೂಲದೊಂದಿಗೆ ಹೋಲಿಸಿ ನೋಡಲಾಗಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕುವುದು ನಮ್ಮ ಕ್ರಮ. ಸಾವಿರಾರು ಸಲ ಹಾಕಿದ್ದೇನೆ. ಇದರ ಕೆಳಗೆ ಹಾಗೆ ಬರೆಯಲು ಬರುವುದಿಲ್ಲ. ಬರೆದದ್ದು ಇಷ್ಟು:

‘ನೆನಪಿನಿಂದ ಮಾಡಿದ ನಕಲು. ಹೋಲಿಸಿ ನೋಡಲು ಮೂಲವಿಲ್ಲ. ಮೂಲವನ್ನು, ತಿಳಿದೂ ತಿಳಿದೂ, ನಾಶಪಡಿಸಿದವಳು ಕೆಳಗೆ ಸಹಿ ಮಾಡಿದವಳು.’

ಸಹಿ ಹಾಕಿದ್ದೇನೆ. ಪೂರ್ತಿ ಹೆಸರು.